ಹತ್ತೊಂಬತ್ತರಲ್ಲಿ ಯಾರಿದ್ದೀರಪ್ಪಾ?

ಅಮೆರಿಕದಲ್ಲಿ ಬೇಲಿ ಹಾಕುವುದು ಪಕ್ಕದ ಮನೆಯವರು ಕಾಣದಿರಲಿ ಅಂತ. ನಮ್ಮ ಓಹಾಯೋದ ಬಡಾವಣೆಯಲ್ಲಂತೂ ಆರಡಿ ಎತ್ತರದ ಮರದ ಬೇಲಿ. ಆ ಕಡೆ ಯಾರಿದ್ದಾರೆ, ಯಾರು ಮನೆ ಮಾರಿಕೊಂಡು ಹೋದರು ಅನ್ನುವುದು ಹುಲ್ಲು ಕತ್ತರಿಸುವ ಯಂತ್ರದ ಸದ್ದಿನಿಂದಲೇ ಗೊತ್ತಾಗಬೇಕು. ನಮ್ಮ ಪುಣ್ಯಕ್ಕೆ ಪಕ್ಕದಲ್ಲಿರುವವರು ಮೈಸೂರಿನ ರಾಯರು. ಮಾತಾಡಬೇಕು ಅನ್ನಿಸಿದರೆ ಆರಡಿ ಬೇಲಿ ಏನು, ಕೋಟೆ ಕಟ್ಟಿದರೂ ಅವರನ್ನು ತಡೆಯುವವರಿಲ್ಲ. ಬಕೆಟ್ಟೊಂದನ್ನು ಬೋರಲು ಹಾಕಿ ಹತ್ತಿ ನಿಂತರೆಂದರೆ, ಗಲ್ಲದಿಂದ ಮೇಲಿನಷ್ಟು ರಾಯರು ನಮ್ಮ ಹಿತ್ತಲಿಗೆ ಉದಯವಾದರು ಅಂತಲೇ.

"ಏನ್ ಸ್ವಾಮಿ, ಗಾಡಿಗೆ ಸೀಬಿ ಹಾಕ್ತಾ ಇದೀನಿ" ಅಂದರು ಮೊನ್ನೆ.

ಸೀಬಿ ಅಂದರೆ ನನಗೆ ಗೊತ್ತಿದ್ದದ್ದು ತುಮಕೂರು ದಾಟಿ ಸಿರಾ ದಾರಿಯಲ್ಲಿ ಸಿಗುವ ನರಸಿಂಹಸ್ವಾಮಿ. ಗಾಡಿಗೆ ದೇವರ ಪಟ ಅಂಟಿಸುತ್ತಿದ್ದಾರೇನೋ ಅಂದುಕೊಂಡೆ.

"ಅದಲ್ಲ ಸ್ವಾಮಿ. ಸಿಟಿಜನ್ಸ್ ಬ್ಯಾಂಡ್ ರೇಡಿಯೋ. ಲಾರಿಯವರು ಒಬ್ಬರಿಗೊಬ್ಬರು ಮಾತಾಡ್ಕೊಳ್ತಾರಲ್ಲ, ಅದು."

ರಾಯರು ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಪಿಕಪ್ ಕೊಂಡು, ಅದರ ಹಿಂದೆ ಎಳೆದುಕೊಂಡು ಹೋಗುವ ಕ್ಯಾಂಪರ್ ಕೊಂಡು, ಹೆಂಡತಿ ಅಕ್ಕಾವ್ರನ್ನೂ ಪ್ರೆಶರ್ ಕುಕ್ಕರನ್ನೂ ಹತ್ತಿಸಿಕೊಂಡು ದೇಶ ನೋಡಲು ಹೊರಡುವವರು. ಹೋದ ಸಲ ಅಯೋವಾದ ವಾಲ್ಕಾಟ್‌ನಲ್ಲಿ, 80ನೇ ಹೆದ್ದಾರಿಯ ಪಕ್ಕ, ಪ್ರಪಂಚದಲ್ಲೇ ದೊಡ್ಡದು ಎಂದು ಬೋರ್ಡು ಹಾಕಿಕೊಂಡಿರುವ ಲಾರಿ ತಂಗುದಾಣಕ್ಕೆ ಹೋಗಿದ್ದಾರೆ. ಕಾಫಿ ಕುಡಿಯಲು ಇಳಿದವರು ರೇಡಿಯೋ ಹಿಡಿದುಕೊಂಡು ಹತ್ತಿದ್ದಾರೆ.

"ಜೇಬಿನಲ್ಲಿ ಫೋನಿದೆ. ದಾರಿ ಅದೇ ಹೇಳುತ್ತೆ, ಟ್ರಾಫಿಕ್ಕೂ ಅದೇ ಹೇಳುತ್ತೆ. ಇದ್ಯಾತಕ್ಕೆ ರಾಯರೇ, 50 ವರ್ಷದ ಹಿಂದಿನ ಡಬ್ಬ?" ಅಂದೆ.

"ನಿಮ್ಮ ಫೋನಿನಲ್ಲಿ ಮೈಸೂರಿನಲ್ಲಿರೋ ನಿಮ್ಮ ಅಕ್ಕನ್ನ ಈ ಕ್ಷಣ ಮಾತಾಡಿಸಬಹುದು, ಒಪ್ಪಿದೆ. ನಿಮ್ಮ ಮುಂದೆ ಹೋಗ್ತಿರೋ ಲಾರಿ ಡ್ರೈವರನ್ನ ಮಾತಾಡಿಸಿ ನೋಡೋಣ?"

ನಾನು ಸುಮ್ಮನಾದೆ. ಸುಮ್ಮನಾದದ್ದೇ ತಪ್ಪಾಯಿತು, ರಾಯರು 1973ಕ್ಕೆ ಹೋದರು.

ಆ ವರ್ಷ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಬಂಕುಗಳಲ್ಲಿ ಡೀಸೆಲ್ಲಿಲ್ಲ, ಇದ್ದಲ್ಲಿ ಮೈಲುದ್ದ ಸಾಲು. ಅದರ ಮೇಲೆ 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ಬಂತು. ಓಡಿಸಿದ ಮೈಲಿಗೆ ತಕ್ಕ ಸಂಬಳ ಎಣಿಸುವ ಲಾರಿಯವನಿಗೆ ಅದು ಹೊಟ್ಟೆಯ ಮೇಲೆ ಹೊಡೆದಂತೆ. ಸೀಬಿ ಹೊಸದಲ್ಲ, 27 ಮೆಗಾಹರ್ಟ್ಸ್‌ನಲ್ಲಿ ಜನಸಾಮಾನ್ಯರಿಗೆ ಅಂತ 1958ರಲ್ಲೇ ಸರ್ಕಾರ ಬಿಟ್ಟುಕೊಟ್ಟಿತ್ತು. ಲಾರಿಯವರು ಈಗ ಅದನ್ನು ಕೈಗೆತ್ತಿಕೊಂಡರು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಯಾವ ಸೇತುವೆ ಹಿಂದೆ ಪೊಲೀಸರು ಹೊಂಚು ಹಾಕಿದ್ದಾರೆ, ಎಲ್ಲಿ ರಸ್ತೆ ತಡೆ ಮಾಡೋಣ, ಎಲ್ಲ ಅದರಲ್ಲೇ. 1976ರ ಹೊತ್ತಿಗೆ ಲಾರಿಗಳ ಮೆರವಣಿಗೆ ಮೇಲಿನ 'ಕಾನ್ವಾಯ್' ಹಾಡು ದೇಶದಲ್ಲೇ ಮೊದಲನೇ ಸ್ಥಾನಕ್ಕೇರಿತು. ಬರೆದು ಹಾಡಿದವನು ಲಾರಿಯವನಲ್ಲ, ಜಾಹೀರಾತು ಕಂಪನಿಯವನು. ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್ 'ಫಸ್ಟ್ ಮಾಮಾ' ಎಂದು ಹೆಸರಿಟ್ಟುಕೊಂಡು ರೇಡಿಯೋದಲ್ಲಿ ಮಾತಾಡಿದರು. ಊರಿಗೆ ಊರೇ ಮೈಕ್ ಹಿಡಿದ ಮೇಲೆ 23 ಚಾನೆಲ್ ಸಾಲದೆ 1977ರಲ್ಲಿ 40 ಮಾಡಿದರು. ಲೈಸೆನ್ಸ್ ಕೊಟ್ಟು ಕೊಟ್ಟು ಸುಸ್ತಾಗಿ 1983ರಲ್ಲಿ ಅದನ್ನೂ ಕೈಬಿಟ್ಟರು.

"ಈಗ ಯಾರು ಬೇಕಾದ್ರೂ ಮಾತಾಡಬಹುದು. ಕಾಸಿಲ್ಲ, ಪರೀಕ್ಷೆಯಿಲ್ಲ, ನಂಬರಿಲ್ಲ" ಎಂದು ರಾಯರು ಬಕೆಟ್ಟಿನಿಂದ ಇಳಿದರು. "ಬನ್ನಿ, ಆಂಟೆನಾ ಹಾಕೋದಕ್ಕೆ ಒಂದು ಕೈ ಬೇಕು."

ಮಾತಿನ ಅಸಲು ಉದ್ದೇಶ ಇದೇ ಎಂದು ಆಗ ತಿಳಿಯಿತು.

ರೇಡಿಯೋ ಡಬ್ಬವೇನೂ ದೊಡ್ಡದಲ್ಲ, ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಸ್ಕ್ರೂ ಬಿಗಿದರೆ ಕೂತಿತು. ಸಿಗರೇಟ್ ಲೈಟರಿನ ತೂತಿನಿಂದಲೇ ಕರೆಂಟು ತೆಗೆದುಕೊಳ್ಳಬಹುದಿತ್ತು. ಆದರೆ ಹಾಗೆ ಮಾಡಿದವರ ರೇಡಿಯೋದಲ್ಲಿ ಆಕ್ಸಿಲರೇಟರ್ ತುಳಿದಂತೆಲ್ಲ ಕುಂಯ್‌ಗುಡುವ ಸದ್ದು ಏರುವುದುಂಟಂತೆ. ಗಾಡಿಯ ಆಲ್ಟರ್ನೇಟರ್ ಮಾಡುವ ಚೇಷ್ಟೆ ಅದು. ಅದಕ್ಕೇ ರಾಯರು ಎರಡು ವೈರನ್ನೂ ನೇರ ಬ್ಯಾಟರಿಗೆ ಎಳೆದು, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿದರು. ಫ್ಯೂಸ್ ರೇಡಿಯೋ ಪಕ್ಕದಲ್ಲಿದ್ದರೆ ನಡುವೆ ಎಲ್ಲಾದರೂ ವೈರು ತಗಡಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ, ಗಾಡಿಗೆ ಮುಟ್ಟುತ್ತದೆ.

ಕೇಬಲ್ ವಿಷಯದಲ್ಲಿ ರಾಯರು ಸ್ವಲ್ಪ ಮಿತವ್ಯಯಿ. ಗರಾಜಿನಲ್ಲಿ ಟೀವಿಯ ಹಳೇ ಕೇಬಲ್ ಸುರುಳಿ ಇತ್ತು, ಅದನ್ನೇ ಹಾಕೋಣ ಅಂದಿದ್ದರಂತೆ. ಅಂಗಡಿಯವನು ತಡೆದ: ಟೀವಿಯದು 75 ಓಮ್, ಇದಕ್ಕೆ 50 ಓಮ್ ಬೇಕು. ನೋಡಲು ದಾಯಾದಿಗಳು, ಒಂದೇ ಪಂಕ್ತಿಯಲ್ಲಿ ಕೂರಿಸುವಂತಿಲ್ಲ.

ಇನ್ನು ಆಂಟೆನಾ. ರಾಯರು ತಂದದ್ದು ಅಯಸ್ಕಾಂತದ ಬುಡದ್ದು. ಗಾಡಿಯ ನೆತ್ತಿಯ ಮೇಲೆ ನಟ್ಟನಡುವೆ ಇಟ್ಟರೆ ಮುಗಿಯಿತು, ತೂತು ಕೊರೆಯುವ ಕೆಲಸವಿಲ್ಲ ಅಂತ. ಇಟ್ಟರು. ಅದು ಜಾರಿ ಬಾನೆಟ್ಟಿನ ಮೇಲೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಜಾರಿತು. ಪಿಕಪ್ಪಿನ ಮೈಯೆಲ್ಲ ಅಲ್ಯುಮಿನಿಯಂ! ಅಯಸ್ಕಾಂತಕ್ಕೂ ಅಲ್ಯುಮಿನಿಯಂಗೂ ಮಾತುಕತೆಯೇ ಇಲ್ಲ ಎನ್ನುವುದು ಪ್ರೈಮರಿ ಸ್ಕೂಲಿನ ಪಾಠ. 30 ವರ್ಷ ಎಂಜಿನಿಯರಾಗಿ ಸಂಬಳ ತೆಗೆದುಕೊಂಡ ರಾಯರು ನನ್ನ ಮುಖ ನೋಡಲಿಲ್ಲ.

ಕೊನೆಗೆ ಬಾನೆಟ್ಟಿನ ಅಂಚಿಗೆ ಬಿಗಿಯುವ ಬ್ರಾಕೆಟ್ ತಂದರು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಂಟೆನಾ ಒಂದು ಕಡ್ಡಿಯಷ್ಟೇ ಅಲ್ಲ, ಅದರ ಇನ್ನರ್ಧ ಗಾಡಿಯ ಲೋಹದ ಮೈ. ಬ್ರಾಕೆಟ್ ಬರೀ ಬಣ್ಣದ ಮೇಲೆ ಕೂತರೆ ಆ ಅರ್ಧ ಸೇರುವುದಿಲ್ಲ. ಹೀಗಾಗಿ ರಾಯರು ಎಮರಿ ಪೇಪರ್ ತೆಗೆದುಕೊಂಡು ಬ್ರಾಕೆಟ್ಟಿನ ಕೆಳಗೆ ಬೆರಳಗಲದಷ್ಟು ಬಣ್ಣ ಕೆರೆದರು. ಬಿಳಿ ಲೋಹ ಕಂಡಿತು. ಅದೇ ಹೊತ್ತಿಗೆ ಕಾಫಿ ತಂದ ಅಕ್ಕಾವ್ರಿಗೂ ಕಂಡಿತು. "ಗಾಡಿ ಸಾಲ ಇನ್ನೂ ನಾಲ್ಕು ವರ್ಷ ಇದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಆಮೇಲಿನದು ನನಗೆ ನಿಜವಾಗಿ ರುಚಿಸಿದ ಕೆಲಸ. 27 ಮೆಗಾಹರ್ಟ್ಸ್ ಅಂದರೆ ಅಲೆಯ ಉದ್ದ ಸುಮಾರು 11 ಮೀಟರು. ಅದರ ಕಾಲು ಭಾಗ, ಅಂದರೆ ಒಂಬತ್ತಡಿ ಹತ್ತಿರದ ಕಡ್ಡಿ ನಿಲ್ಲಿಸಿದರೆ ಒಳ್ಳೆಯದು. ಒಂಬತ್ತಡಿ ಕಡ್ಡಿ ಕಟ್ಟಿಕೊಂಡು ಪೆಟ್ರೋಲ್ ಬಂಕಿನ ಚಾವಣಿ ಕೆಳಗೆ ಹೋಗುವುದು ಹೇಗೆ? ಅದಕ್ಕೆ ನಾಲ್ಕಡಿ ಕಡ್ಡಿಗೇ ತಂತಿ ಸುತ್ತಿ ಉದ್ದದ ಕೊರತೆ ತುಂಬಿಸಿರುತ್ತಾರೆ. ತುದಿಯಲ್ಲಿ ಒಂದು ಸ್ಕ್ರೂ. ಅದನ್ನು ಹೊರಗೆ ಒಳಗೆ ಮಾಡುತ್ತ, ತಂಬೂರಿಗೆ ಶ್ರುತಿ ಹಿಡಿಯುವವರ ಹಾಗೆ, ಗಾಡಿ ಗಾಡಿಗೂ ಬೇರೆ ಬೇರೆಯಾಗಿ ಕೂರಿಸಬೇಕು. ಕಿವಿ ಬದಲು ಎಸ್‌ಡಬ್ಲ್ಯೂಆರ್ ಮೀಟರ್ ಎಂಬ ಮುಳ್ಳಿನ ಡಬ್ಬ ಹೇಳುತ್ತದೆ. ಕಳಿಸಿದ ಶಕ್ತಿಯಲ್ಲಿ ಎಷ್ಟು ಹೊರಗೆ ಹೋಗದೆ ವಾಪಸ್ ಬಂತು ಎನ್ನುವ ಲೆಕ್ಕ ಅದು. ಮುಳ್ಳು 3 ತೋರಿಸಿದರೆ ಕಾಲು ಭಾಗ ವಾಪಸ್. ಕಾನೂನು ಬಿಟ್ಟಿರುವುದೇ 4 ವ್ಯಾಟು, ಅದರಲ್ಲಿ ಒಂದು ಹಿಂದಕ್ಕೆ ಬಂದು ರೇಡಿಯೋವನ್ನೇ ಸುಡುತ್ತ ಕೂರುತ್ತದೆ. 1.5ಕ್ಕೆ ಇಳಿದರೆ ವಾಪಸ್ ಬರುವುದು ನೂರಕ್ಕೆ ನಾಲ್ಕು. ಆಂಟೆನಾ ಸಿಕ್ಕಿಸದೆ ಮೈಕಿನ ಬಟನ್ ಒತ್ತಿದರಂತೂ ಹೊಸ ರೇಡಿಯೋದ ತಿಥಿ ಅಂದೇ.

ಗಾಡಿಯನ್ನು ಗರಾಜಿನಿಂದ ದೂರ ಬಯಲಿಗೆ ತಂದು, ಬಾಗಿಲು ಹಾಕಿಕೊಂಡು, ನಾನು ಬಟನ್ ಒತ್ತುವುದು, ರಾಯರು ಮುಳ್ಳು ನೋಡುವುದು. 1ನೇ ಚಾನೆಲ್ಲಿನಲ್ಲಿ 1.6, 40ನೆಯದರಲ್ಲಿ 2.4. ಮೇಲಿನ ಚಾನೆಲ್ಲಿನಲ್ಲಿ ಮುಳ್ಳು ಹೆಚ್ಚು ಏರಿದರೆ ಆಂಟೆನಾ ಉದ್ದ ಅಂತ ಅರ್ಥ, ಕೆಳಗಿನದರಲ್ಲಿ ಏರಿದರೆ ಗಿಡ್ಡ. ಇಳಿದು ಸ್ಕ್ರೂ ಕೂದಲೆಳೆಯಷ್ಟು ಒಳಗೆ ತಿರುಗಿಸುವುದು, ಹತ್ತುವುದು, ಒತ್ತುವುದು. ಎರಡೂ ಕಡೆ ಒಂದೂವರೆಯ ಆಸುಪಾಸಿಗೆ ಬಂದಾಗ ರಾಯರು ಕೈಕುಲುಕಿದರು.

ಇನ್ನೊಂದು ನಾಬ್ ಬಗ್ಗೆ ಹೇಳಲೇಬೇಕು: ಸ್ಕ್ವೆಲ್ಚ್. ಪೂರ್ತಿ ಎಡಕ್ಕಿದ್ದರೆ ಸೊರ್ರೆಂದು ಒಂದೇ ಸಮನೆ ಗದ್ದಲ. ನಿಧಾನವಾಗಿ ಬಲಕ್ಕೆ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಗದ್ದಲ ಟಕ್ಕನೆ ನಿಲ್ಲುತ್ತದೆ. ಅಲ್ಲಿಗೆ ಕೈ ಬಿಡಬೇಕು. ಆಮೇಲೆ ಯಾರಾದರೂ ಮಾತಾಡಿದರೆ ಮಾತ್ರ ರೇಡಿಯೋ ಬಾಯಿ ಬಿಡುತ್ತದೆ. ದುರಾಸೆಗೆ ಇನ್ನಷ್ಟು ತಿರುಗಿಸಿದರೆ ದೂರದ ಸಣ್ಣ ದನಿಗಳೂ ಹೊರಗೇ ಉಳಿಯುತ್ತವೆ. ಪೂರ್ತಿ ಬಲಕ್ಕೆ ತಿರುಗಿಸಿದರೆ ಯಾರ ಮಾತೂ ಇಲ್ಲ, ಪರಮಶಾಂತಿ.

ಹೆಸರಿಡುವ ಶಾಸ್ತ್ರ ಬಾಕಿ ಇತ್ತು. ಸೀಬಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಹೇಳುವ ರೂಢಿಯಿಲ್ಲ, ಹ್ಯಾಂಡಲ್ ಅಂತ ಒಂದು ಇಟ್ಟುಕೊಳ್ಳಬೇಕು. ರಾಯರಿಗೆ 'ಬಂಡೀಪುರ ಟೈಗರ್' ಆಗುವ ಆಸೆ. "ಹುಲಿ ಅಂತ ಹೇಳ್ಕೊಂಡು ಗಂಟೆಗೊಂದು ಸಲ ಬಾತ್‌ರೂಮಿಗೆ ಗಾಡಿ ನಿಲ್ಲಿಸ್ತೀರಲ್ಲ" ಎಂದರು ಅಕ್ಕಾವ್ರು. 'ಫಿಲ್ಟರ್ ಕಾಫಿ' ಎಂದು ಇತ್ಯರ್ಥವಾಯಿತು.

ಪರೀಕ್ಷೆಗೆ 70ನೇ ಹೆದ್ದಾರಿಯಲ್ಲಿ ಕೊಲಂಬಸ್ಸಿನಿಂದ ಪೂರ್ವಕ್ಕೆ ಹೊರಟೆವು. ಲಾರಿಯವರ ಚಾನೆಲ್ 19. ತುರ್ತಿಗೆ 9, ಅದನ್ನು ಹರಟೆಗೆ ಮುಟ್ಟುವಂತಿಲ್ಲ. ಬಹಳ ಹೊತ್ತು ಯಾರೂ ಇಲ್ಲ. ಆಮೇಲೆ ಒಬ್ಬ ಗೊರಗೊರ ದನಿಯಲ್ಲಿ, ಇಂಥ ಮೈಲಿಗಲ್ಲಿನ ಹತ್ತಿರ ಎಡಗಡೆ ಲೇನಿನಲ್ಲಿ ಅಲಿಗೇಟರ್ ಮಲಗಿದೆ ಅಂದ. ಓಹಾಯೋದಲ್ಲಿ ಎಲ್ಲಿಯ ಮೊಸಳೆ? ಲಾರಿ ಟೈರು ಸಿಡಿದು ಬಿದ್ದ ಪಟ್ಟೆಗೆ ಅವರಿಟ್ಟ ಹೆಸರು ಅದು. ರಾಯರು ಬಲಕ್ಕೆ ಬಂದರು. ಎರಡು ನಿಮಿಷಕ್ಕೆ ಸರಿಯಾಗಿ ಕಪ್ಪಗೆ, ಆಳುದ್ದದ ಪಟ್ಟೆ ಎಡಗಡೆ ಬಿದ್ದಿತ್ತು. ನಮ್ಮ ಪಕ್ಕದಲ್ಲಿ ಹಾದ ಕಾರಿನವನು ಕೊನೇ ಗಳಿಗೆಯಲ್ಲಿ ಕಂಡು ಓಲಾಡಿದ. ನನ್ನ ಫೋನಿನಲ್ಲಿ ಮಾತ್ರ ರಸ್ತೆ ನಿರ್ಮಲ. ಅದರ ತಪ್ಪೇನಿಲ್ಲ, ಹತ್ತಾರು ಗಾಡಿ ನಿಧಾನವಾದ ಮೇಲಷ್ಟೇ ಅದಕ್ಕೆ ಸುದ್ದಿ ಹೋಗುವುದು. ಇವನು ಕಣ್ಣಾರೆ ಕಂಡು, ಹಿಂದೆ ಬರುವವನು ಯಾರೋ ಏನೋ, ಇರಲಿ ಅಂತ ಹೇಳಿ ಹೋದ.

ಸೀಬಿಯ ಮಾತು ಗಾಡಿಯಿಂದ ಗಾಡಿಗೆ ನಾಲ್ಕೈದು ಮೈಲಿ ಮುಟ್ಟಿದರೆ ದೊಡ್ಡದು. ಅದು ಅದರ ಬಡತನ ಅಂತ ನಾನು ತಿಳಿದಿದ್ದೆ. ಅದೇ ಅದರ ಬಂಡವಾಳ. ಕೇಳಿಸಿಕೊಳ್ಳುವವರೆಲ್ಲ ಅದೇ ರಸ್ತೆಯವರು, ಅದೇ ಮಳೆಯಲ್ಲಿ, ಅದೇ ಸಾಲಿನಲ್ಲಿ ಸಿಕ್ಕಿಕೊಂಡವರು. ದೂರ ಹೋದ ದಿನವೇ ಅದು ಕೆಲಸಕ್ಕೆ ಬಾರದು. ಸೂರ್ಯನ ಮೇಲಿನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚುತ್ತವಲ್ಲ, ಆಗ ಈ ಅಲೆಗಳು ಆಕಾಶಕ್ಕೆ ಬಡಿದು ಸಾವಿರ ಮೈಲಿ ಆಚೆ ಇಳಿಯುತ್ತವೆ. 2024ರಲ್ಲಿ ಹಾಗಾಗಿತ್ತು. ಮುಂದಿನ ಲಾರಿಯವನ ಮಾತು ಕೇಳಬೇಕಾದ ಕಡೆ ಎಲ್ಲೋ ಟೆಕ್ಸಾಸಿನವನ ಗಲಾಟೆ.

ಆದರೆ ನಿಯಮ ಒಂದಿದೆ, ರಾಯರ ಸ್ವಭಾವಕ್ಕೆ ವಿರುದ್ಧವಾದದ್ದು. ಮೈಕಿನ ಬಟನ್ ಒತ್ತಿರುವಷ್ಟು ಹೊತ್ತು ನಮಗೆ ಯಾರ ಮಾತೂ ಕೇಳಿಸದು. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವರಿಗೆ ಕೀಚಲು ಶಿಳ್ಳೆ. ಹೇಳುವುದನ್ನು ಹೇಳಿ ಬಟನ್ ಬಿಡಬೇಕು. ರಾಯರು ಅಲಿಗೇಟರ್ ಹೇಳಿದವನಿಗೆ ಥ್ಯಾಂಕ್ಸ್ ಹೇಳಲು ಶುರು ಮಾಡಿ, ಫಿಲ್ಟರ್ ಕಾಫಿ ಅಂದರೇನು, ಚಿಕೋರಿ ಎಷ್ಟು ಹಾಕಬೇಕು ಅನ್ನುವವರೆಗೆ ಹೋದರು. ಬಟನ್ ಬಿಟ್ಟಾಗ ಆ ಕಡೆಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. "ಮನೇಲೂ ಇವರು ಬಟನ್ ಬಿಡೋದಿಲ್ಲ" ಅಂದರು ಹಿಂದಿನ ಸೀಟಿನಿಂದ ಅಕ್ಕಾವ್ರು.

"ನಮ್ಮೂರಿಗೂ ಒಂದು ತಗೊಂಡು ಹೋಗೋಣವೇ?" ಎಂದು ವಾಪಸ್ ಬರುವಾಗ ಕೇಳಿದೆ. ಭಾರತದಲ್ಲೂ 2005ರಲ್ಲಿ ಈ ಬ್ಯಾಂಡನ್ನು ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ, 5 ವ್ಯಾಟಿನವರೆಗೆ. ಆದರೆ ಆಂಟೆನಾ ಸೆಟ್ಟಿನ ಮೈಯಲ್ಲೇ ಇರಬೇಕು. ಬಾನೆಟ್ ಕೆರೆಯುವ ಸಂಭ್ರಮ ಅಲ್ಲಿಲ್ಲ. "ಅಲ್ಲಿ ಯಾರು ಕೇಳ್ತಾರೆ ಸ್ವಾಮಿ? ನಮ್ಮ ಲಾರಿಯವರಿಗೆ ಇದು ಬೇಕಾಗೂ ಇಲ್ಲ" ಅಂದರು ರಾಯರು. ಮುಂದೆ ಪೊಲೀಸ್ ಮಾಮ ನಿಂತಿದ್ದರೆ ಎದುರಿನವನು ಹೆಡ್‌ಲೈಟ್ ಮಿಟುಕಿಸುತ್ತಾನೆ. ಘಾಟಿಯಲ್ಲಿ ಮುಂದಿನವನು ಬಲಗಡೆ ಇಂಡಿಕೇಟರ್ ಹಾಕಿದರೆ ಓವರ್‌ಟೇಕ್ ಮಾಡು ಎಂದೋ, ಬಲಕ್ಕೆ ತಿರುಗುತ್ತೇನೆ ಎಂದೋ, ನಿನ್ನ ಅದೃಷ್ಟ ಇದ್ದಂತೆ. ವ್ಯಾಟು ಲೆಕ್ಕವಿಲ್ಲದೆ ನಡೆಯುತ್ತಿರುವ ಸೀಬಿ ಅದು.

ಇಲ್ಲಿಯೂ ಕೇಳುವವರು ಕಡಿಮೆಯಾಗುತ್ತಿದ್ದಾರೆ. 2012ರಿಂದ ಲಾರಿಯವರು ಕೈಯಲ್ಲಿ ಫೋನ್ ಹಿಡಿದು ಓಡಿಸುವಂತಿಲ್ಲ, ಸೀಬಿ ಮೈಕಿಗೆ ಮಾತ್ರ ಆ ತಡೆಯಿಲ್ಲ. ಆದರೂ ಹೊಸ ಹುಡುಗರು ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಮನೆಯವರ ಜೊತೆ ಮಾತಾಡುತ್ತ ಹೋಗುತ್ತಾರೆ. ಮುಂದಿನವನು ಕೂಗಿದರೂ ಹಿಂದಿನವನ ಡಬ್ಬ ಆಫ್ ಆಗಿದ್ದರೆ ಕೂಗಿ ಏನು ಪ್ರಯೋಜನ? ಒಬ್ಬನೇ ಕೊಂಡು ಪ್ರಯೋಜನವಿಲ್ಲದ ವಸ್ತು ಇದು. ರಾಯರಿಗೂ ಅದು ಹೊಳೆದಿದೆ. ನಮ್ಮ ಕಾರಿಗೂ ಒಂದು ಹಾಕಿಸಿ, ಬರುವ ತಿಂಗಳು ಎರಡು ಗಾಡಿಯಲ್ಲಿ ಕೆಂಟಕಿಗೆ ಹೋಗೋಣ ಎಂದು ಬೆನ್ನು ಹತ್ತಿದ್ದಾರೆ. ನನ್ನ ಅಭ್ಯಂತರವೇನಿಲ್ಲ. ನಮ್ಮ ಮನೆಯವಳೂ ಒಪ್ಪಿದ್ದಾಳೆ, ಒಂದೇ ಷರತ್ತು: ಸ್ಕ್ವೆಲ್ಚ್ ನಾಬ್ ಅವಳ ಕೈಗೆ ಎಟುಕುವಂತಿರಬೇಕು.