ಕಳ್ಳಿಗೇನು ಅವಸರ!

ತಾಂಡೂರಿನ ಕರಿ ನೆಲಕ್ಕೆ ತೊಗರಿಯ ಗತ್ತು. 2022ರಲ್ಲಿ ತಾಂಡೂರು ತೊಗರಿಗೆ ಜಿಐ ಟ್ಯಾಗ್ ಸಿಕ್ಕ ಮೇಲಂತೂ ಕೇಳುವುದೇ ಬೇಡ. ಇಂಥ ಮಣ್ಣಿನಲ್ಲಿ ಏನು ಊರಿದರೂ ಬರುತ್ತದೆ ಎಂಬ ಧೈರ್ಯದಲ್ಲಿ ಯಾರಾದರೂ ನರ್ಸರಿಯಿಂದ ಗೋಲ್ಡನ್ ಬ್ಯಾರೆಲ್ ಕಳ್ಳಿ ತಂದು ಅದೇ ಮಣ್ಣಿನ ಕುಂಡದಲ್ಲಿ ಕೂರಿಸಿದರೆ, ಮಳೆಗಾಲ ಮುಗಿಯುವಷ್ಟರಲ್ಲಿ ಆ ಮುಳ್ಳಿನ ಚೆಂಡು ಬುಡ ಕೊಳೆತು ಒಂದು ಕಡೆ ವಾಲಿರುತ್ತದೆ. ಮಳೆ ಹೋದ ಮೇಲೂ ತೇವ ಹಿಡಿದಿಟ್ಟು ತೊಗರಿಯನ್ನು ದಡ ಸೇರಿಸುವ ಜಿಗುಟು ಗುಣವೇ ಕಳ್ಳಿಯ ಬೇರಿಗೆ ಮೃತ್ಯು.

ಜಹೀರಾಬಾದಿನ ಜಂಬಿಟ್ಟಿಗೆ ಸೀಮೆಯವರು ಇದನ್ನು ಕೇಳಿ ಒಳಗೊಳಗೇ ನಗಬಹುದು. ಅವರ ಕೆಂಪು ಮಣ್ಣಿನಲ್ಲಿ ನೀರು ನಿಲ್ಲದೆ ಬಸಿಯುತ್ತದೆ. ಆ ಮಣ್ಣು ಒಂದು ಪಾಲು, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಸೇರಿ ಎರಡು ಪಾಲು, ತಳದಲ್ಲಿ ತೂತಿರುವ ಮಣ್ಣಿನ ಕುಂಡ: ಕಳ್ಳಿಯ ಬೇಡಿಕೆ ಇಷ್ಟೇ.

ಆದರೆ ಆ ನಗು ಬಹಳ ಹೊತ್ತು ಉಳಿಯದು. ಕಬ್ಬಿಗೆ ನೀರು ಕಟ್ಟಿ ಪಳಗಿದ ಕೈ, ಚೊಂಬು ಹಿಡಿದು ಕುಂಡದ ಬಳಿ ಹೋದರೆ ಸುಮ್ಮನಿರುವುದುಂಟೆ? ಕಳ್ಳಿಯನ್ನು ಬರ ಕೊಂದದ್ದು ಕಡಿಮೆ, ಕನಿಕರ ಕೊಂದದ್ದೇ ಹೆಚ್ಚು. ತವರಿನಲ್ಲೂ ಅದಕ್ಕೆ ನೀರಿನ ಕಾಟ ತಪ್ಪಲಿಲ್ಲ. 1990ರ ದಶಕದಲ್ಲಿ ಮೆಕ್ಸಿಕೋದ ಸಿಮಾಪಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಗೋಲ್ಡನ್ ಬ್ಯಾರೆಲ್‌ನ ನೆಲೆಗಳು ಮುಳುಗಿದವು. ಜಗತ್ತಿನ ನರ್ಸರಿಗಳಲ್ಲೆಲ್ಲ ಸಿಗುವ ಗಿಡ, ಹುಟ್ಟಿದ ಕಣಿವೆಯಲ್ಲಿ ಅಳಿವಿನಂಚಿಗೆ ಬಂದಿದೆ.

ಇನ್ನು ಬೆಳವಣಿಗೆ. ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಕಟ್ಟೆಯ ಮೇಲೆ ಕೂರುವ ನಾರಾಯಣಖೇಡದಲ್ಲಿ ಕಳ್ಳಿ ಸಾಕಿದವರಿಗೆ ನಾಲ್ಕೂ ಭಾಷೆಯಲ್ಲಿ ಒಂದೇ ಪ್ರಶ್ನೆ ಎದುರಾದೀತು.

"ಕಾಕಾ, ಹೋದ ವರ್ಷ ಬಂದಾಗೂ ಇಷ್ಟೇ ಇತ್ತಲ್ಲರಿ?"

"ಬೆಳೀಲಾಕತ್ತದಪಾ, ನಿನಗ ಕಾಣಲ್ದು ಅಷ್ಟೆ."

ಕಾಕಾ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಸೊನೋರಾ ಮರುಭೂಮಿಯ ಸಗ್ವಾರೊ ಕಳ್ಳಿ ಮೊದಲ 8 ವರ್ಷಗಳಲ್ಲಿ ಬೆಳೆಯುವುದು ಹೆಚ್ಚೆಂದರೆ ಒಂದೂವರೆ ಇಂಚು. ಮೊದಲ ಕೊಂಬೆ ಒಡೆಯುವ ಹೊತ್ತಿಗೆ ಅದಕ್ಕೆ 50ರಿಂದ 75 ವರ್ಷ. ನಮ್ಮ ನೌಕರರು ಆ ವಯಸ್ಸಿಗೆ ಪಿಂಚಣಿ ಎಣಿಸುತ್ತಿರುತ್ತಾರೆ. ನೀರು ಆವಿಯಾಗದಿರಲೆಂದು ಕಳ್ಳಿ ಹಗಲೆಲ್ಲ ಮೈಮೇಲಿನ ರಂಧ್ರಗಳನ್ನು ಮುಚ್ಚಿಕೊಂಡು, ಇಂಗಾಲದ ಡೈಆಕ್ಸೈಡನ್ನು ರಾತ್ರಿ ಮಾತ್ರ ಒಳಗೆ ತೆಗೆದುಕೊಳ್ಳುತ್ತದೆ. ರಾತ್ರಿ ಪಾಳಿಯ ಗಳಿಕೆಯಲ್ಲಿ ಮನೆ ಮೇಲೇಳುವುದು ನಿಧಾನವೇ.

ಸಾಕುವವರು ಮಾಡಬೇಕಾದ್ದು ಬಹಳವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಸೂರಿನ ಕೆಳಗಿರಲಿ. ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ನೀರು, ಚಳಿಗಾಲದಲ್ಲಿ ಇನ್ನೂ ಕಡಿಮೆ. ನರ್ಸರಿಯ ನೆರಳಲ್ಲಿ ಬೆಳೆದ ಗಿಡವನ್ನು ಮೇ ತಿಂಗಳಲ್ಲಿ, ಕಾದ ತಾಂಡೂರು ಕಲ್ಲಿನ ಮಾಳಿಗೆಗೆ ಒಮ್ಮೆಗೇ ಏರಿಸಿದರೆ ಮೈ ಸುಟ್ಟು ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗದು. ಬಿಸಿಲನ್ನು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಬೇಕು. ಗೋಲ್ಡನ್ ಬ್ಯಾರೆಲ್ ಹೂ ಬಿಡಲು 15–20 ವರ್ಷವಾದರೂ ಬೇಕು. ಈ ದೀಪಾವಳಿಗೇ ಹೂ ಬೇಕೆನ್ನುವವರು ಚೆಂಡುಹೂ ಹಾಕಿಕೊಳ್ಳುವುದು ಲೇಸು.