ಬಾಯಲ್ಲಿ ಸೀಟಿ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಯಾವ ಬಡಾವಣೆಯ ಮೈದಾನಕ್ಕೆ ಹೋದರೂ ಬೆಳಗ್ಗೆ ಆರೂವರೆಗೆ ಕೋಚ್ ಸರ್ ಸಿಗುತ್ತಾರೆ. ಬಿಸಿಲಿಗೆ ಬಣ್ಣ ಬಿಟ್ಟ ಟೋಪಿ, ಮಂಡಿಗೆ ಕ್ರೇಪ್ ಬ್ಯಾಂಡೇಜು, ಕೊರಳಲ್ಲಿ ಸೀಟಿ. ನೆಟ್ಟಿನೊಳಗೆ ಬ್ಯಾಟು ಹಿಡಿದ ಹುಡುಗ ಒಬ್ಬನೇ; ಹೊರಗೆ ಫ್ಲಾಸ್ಕು ಹಿಡಿದ ಆಯ್ಕೆ ಸಮಿತಿ.

ಸಮಿತಿಯಲ್ಲಿ ಎಲ್ಲ ಥರದವರೂ ಇದ್ದಾರೆ. “ಸರ್, ನಮ್ಮವನು ಓಪನರ್, ಏಳನೇ ನಂಬರಿಗೆ ಇಳಿಸ್ತೀರಲ್ಲ” ಎನ್ನುವ ಅಪ್ಪ. ಮೈದಾನ ಮೂರು ಸುತ್ತು ಓಡಿಸಿದರೆ ಎರಡೇ ಸಾಕಿತ್ತೆನ್ನುವ ಅಮ್ಮ. ಕೊಹ್ಲಿಯ ಕವರ್ ಡ್ರೈವನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿ, “ನೀವು ಹೇಳ್ಕೊಡ್ತಿರೋದು ಹೀಗಿಲ್ವಲ್ಲ ಸರ್” ಎನ್ನುವ ಸೋದರಮಾವ.

ಟೀಕೆ ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ ಸೀಟಿ ಕೋಚ್ ಸರ್ ಬಾಯಿಗೆ ಹೋಗುತ್ತದೆ. ಸೀಟಿ ಕಚ್ಚಿಕೊಂಡವರು ವಾದ ಮಾಡಲಾರರು, ತಲೆಯಾಡಿಸಬಹುದಷ್ಟೇ. ಕಣ್ಣು ಮಾತ್ರ ಹುಡುಗನ ಮುಂಗಾಲಿನ ಮೇಲೆ. ತಲೆಯಾಡಿಸಿದ್ದನ್ನು ಅಪ್ಪ ಒಪ್ಪಿಗೆ ಎಂದುಕೊಳ್ಳುತ್ತಾನೆ. ಮಗ ಮರುದಿನವೂ ಏಳನೇ ನಂಬರಿಗೇ ಇಳಿಯುತ್ತಾನೆ.

ಒಮ್ಮೆ ಅವರು ರಮಾಕಾಂತ್ ಆಚ್ರೇಕರರ ದಾರಿ ಹಿಡಿದರು. ಮುಂಬಯಿಯಲ್ಲಿ ಆಚ್ರೇಕರ್ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರಂತೆ: ಸಚಿನ್‌ನನ್ನು ಔಟ್ ಮಾಡಿದವನಿಗೆ ಅದು, ಔಟಾಗದಿದ್ದರೆ ಸಚಿನ್‌ಗೆ. ಸಚಿನ್ ಅಂಥ 13 ನಾಣ್ಯ ಗೆದ್ದು ಜೋಪಾನ ಮಾಡಿದರು. ನಮ್ಮವರು ಇಟ್ಟದ್ದು ಹತ್ತು ರೂಪಾಯಿ (ಬೆಲೆ ಏರಿದೆ). ಸಂಜೆ ವಾಟ್ಸಾಪಿನಲ್ಲಿ ಪ್ರಶ್ನೆ: “ಮಕ್ಕಳಿಗೆ ಬೆಟ್ಟಿಂಗ್ ಕಲಿಸ್ತಿದ್ದೀರಾ?”

ಅಂಥ ಸಂಜೆಗಳಲ್ಲಿ ಅವರಿಗೆ ದ್ರಾವಿಡ್ ನೆನಪಾಗುತ್ತಾರೆ. ದ್ರಾವಿಡ್ ತರಬೇತಿಯ 19ರೊಳಗಿನವರ ತಂಡ 2016ರಲ್ಲಿ ಮೀರ್‌ಪುರದ ವಿಶ್ವಕಪ್ ಫೈನಲಿನಲ್ಲಿ ವೆಸ್ಟ್ ಇಂಡೀಸ್‌ಗೆ ಸೋತಿತು. 2018ರಲ್ಲಿ ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿ ಕಪ್ ಎತ್ತಿತು. “ಅವರಿಗೆ ಎರಡು ವರ್ಷ ಸಿಕ್ತು. ನಂದು ಮೂವತ್ತು ದಿನದ ಸಮ್ಮರ್ ಕ್ಯಾಂಪು!”

ಹಾಗೆಂದು ನೆಟ್ಟಿನ ಹೊರಗಿನವರು ಹೇಳಿದ್ದೆಲ್ಲ ಗಾಳಿಗೆ ಹೋಗುವುದಿಲ್ಲ. ಹತ್ತು ವರ್ಷದವನೊಬ್ಬನ ಮೊಣಕೈಯನ್ನು ಮೂರು ವಾರ ತಿದ್ದಿದರೂ ಚೆಂಡು ಬ್ಯಾಟಿಗೆ ತಾಗುತ್ತಿರಲಿಲ್ಲ. ನೆಟ್ಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಅವನ ಅಜ್ಜಿ ಒಂದು ದಿನ, “ನಂಗೆ ಕ್ರಿಕೆಟ್ ಗೊತ್ತಿಲ್ಲಪ್ಪ. ಆದ್ರೆ ಚೆಂಡು ಬರೋ ಹೊತ್ತಿಗೆ ಇವನು ಕಣ್ಣು ಮುಚ್ಕೋತಾನಲ್ಲ?” ಅಂದರು.

ಸೀಟಿ ಬಾಯಿಂದ ಜಾರಿತು. ಮುಂದಿನ ಆರು ಚೆಂಡು ಕೋಚ್ ಸರ್ ಮೊಣಕೈ ನೋಡಲಿಲ್ಲ. ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೆಲ್ಮೆಟ್ಟಿನ ಸರಳುಗಳ ಹಿಂದಿನ ರೆಪ್ಪೆ ನೋಡಿದರು. ಆರಕ್ಕೆ ಆರೂ ಸಲ ಮುಚ್ಚಿತು.

ಮರುದಿನ ಅವನಿಗೆ ಟೆನಿಸ್ ಬಾಲು, ಹತ್ತು ಹೆಜ್ಜೆ ದೂರದಿಂದ, ಮೆಲ್ಲಗೆ. ನಾಲ್ಕನೆಯದು ಬ್ಯಾಟಿನ ನಡುವಿಗೆ ಬಡಿದು ಕೋಚ್ ಸರ್ ಟೋಪಿ ಹಾರಿಸಿತು. ಅವರು ಟೋಪಿಯ ಧೂಳು ಕೊಡವುವಷ್ಟರಲ್ಲಿ ಹುಡುಗನ ಅಪ್ಪ ನೆಟ್ಟಿನತ್ತ ಬಂದಾಗಿತ್ತು.

“ಸರ್, ನಾವು ಫೀಸು ಕಟ್ಟಿರೋದು ಲೆದರ್ ಬಾಲಿಗಲ್ವಾ?”

ಸೀಟಿ ಬಾಯಿಗೆ ಹೋಯಿತು.