ರುಬಾಬು ಕಾಕು

ಮಗ ಫಾರಿನ್ನಿನಲ್ಲಿದ್ದು, ಅಪ್ಪ-ಅವ್ವ ಆರು ತಿಂಗಳ ವೀಸಾದ ಮೇಲೆ ಹೋಗಿಬಂದ ಮನೆ ಈಗ ಬೀದರಿನಲ್ಲಿ ಓಣಿಗೊಂದಾದರೂ ಇದೆ. ಹೋಗಿಬಂದ ಕಾಕಾಗಳಿಂದ ಯಾರಿಗೂ ಅಪಾಯವಿಲ್ಲ. ಅಲ್ಲಿಯ ಬಸ್ಸು ಮಿನಿಟಿಗೆ ಸರಿಯಾಗಿ ಬರುತ್ತದೆ ಎಂದು ನಾಲ್ಕು ಮಂದಿಗೆ ಹೇಳಿ ಸುಮ್ಮನಾಗುತ್ತಾರೆ. ಕಾಕುಗಳದು ಹಾಗಲ್ಲ. ಅವರು ಒಂದು ತಿನ್ನುವ ಪದಾರ್ಥವನ್ನು ಹಟದಿಂದ ಹಿಡಿದುಕೊಂಡೇ ವಿಮಾನ ಇಳಿಯುತ್ತಾರೆ. ಕೆಲವರದು ಓಟ್ಸ್, ಕೆಲವರದು ಆವೊಕಾಡೊ. ಇಂಗ್ಲೆಂಡಿನ ಲೀಡ್ಸ್‌ನಿಂದ ಬಂದ ನಮ್ಮ ಕಾಕು ಹಿಡಿದದ್ದು ರೂಬಾರ್ಬ್. ಓಣಿಯ ಮಂದಿ ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಅವರನ್ನು ರುಬಾಬು ಕಾಕು ಮಾಡಿಬಿಟ್ಟರು.

ರೂಬಾರ್ಬ್ ಎಂದರೆ ಕೆಂಪು ದಂಟು. ಹಸಿಯಾಗಿ ಕಚ್ಚಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಎಲೆ ವಿಷ, ಬಿಸಾಡಬೇಕು. ದಂಟಿಗೆ ಸಕ್ಕರೆ ಸುರಿದು ಬೇಯಿಸಿ, ಮೇಲೆ ಮೈದಾ-ಬೆಣ್ಣೆಯ ಪುಡಿ ಉದುರಿಸಿ ಓವನ್ನಿಗಿಟ್ಟರೆ ಕ್ರಂಬಲ್. ಇಷ್ಟು ಹೇಳಿ ಬಿಟ್ಟರೆ ಕಾಕು ಕಾಕು ಅಲ್ಲ. ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಎಂಬ ಮೂರು ಊರುಗಳ ನಡುವಿನ ತ್ರಿಕೋನದಲ್ಲಿ ಇದನ್ನು ಚಳಿಗಾಲದಲ್ಲಿ ಕತ್ತಲೆಯ ಶೆಡ್ಡಿನೊಳಗೆ ಬೆಳೆಸುತ್ತಾರೆ, ಬೆಳಕು ಬಿದ್ದರೆ ಕೆಡುತ್ತದೆಂದು ಮೇಣಬತ್ತಿ ಹಿಡಿದು ಕೀಳುತ್ತಾರೆ, 2010ರಲ್ಲಿ ಯುರೋಪಿನವರು ಆ ಸೀಮೆಯ ರೂಬಾರ್ಬಿನ ಹೆಸರಿಗೇ ಕಾನೂನಿನ ರಕ್ಷಣೆ ಕೊಟ್ಟಿದ್ದಾರೆ. ಇದೆಲ್ಲ ಹಾಲಿನವನಿಗೂ ಗೊತ್ತು, ಗ್ಯಾಸ್ ಸಿಲಿಂಡರಿನವನಿಗೂ ಗೊತ್ತು.

"ನಮ್ಮ ಬಲ್ಲಿ ಕರೆಂಟ್ ಹೋದ್ರ ಎಲ್ಲಾನೂ ಮೇಣಬತ್ತಿ ಬೆಳಕಿನ್ಯಾಗೇ ಆಗ್ತದ," ಎಂದು ಕಾಕಾ ಪೇಪರಿನ ಹಿಂದಿನಿಂದ ಅಂದಿದ್ದು ಕಾಕುವಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಬೀಜ ಆನ್‌ಲೈನಿನಲ್ಲಿ ಬಂತು. ಅಂಗಳದ ಕೆಂಪು ಮಣ್ಣು ಲಾಯಕ್ಕಿಲ್ಲವೆಂದು ಭಾಲ್ಕಿ ಕಡೆಯ ಹೊಲದಿಂದ ಎರೆಮಣ್ಣು ಚೀಲದಲ್ಲಿ ಬಂತು, ಬಸ್ಸಿನಲ್ಲಿ, ಕಾಕಾನ ತೊಡೆಯ ಮೇಲೆ. ರಾಜ್ಯದಲ್ಲೇ ಅತಿ ಕಡಿಮೆ ಉಷ್ಣಾಂಶ ಎಂದು ಡಿಸೆಂಬರಿನಲ್ಲಿ ಬೀದರಿನ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ಕಾಕು ಕುಂಡದ ಮುಂದೆ ನಿಂತು ಓದಿ ಹೇಳುತ್ತಿದ್ದರು. ಆ ಗಿಡಕ್ಕೆ ಚಳಿ ಬೇಕು ನಿಜ, ನೆಲದಲ್ಲಿ ಮಲಗಿ ಹಿಮ ಹೊದ್ದರೇನೇ ವಸಂತದಲ್ಲಿ ಸರಿಯಾಗಿ ಏಳುವ ಜಾತಿ ಅದು. ಆದರೆ ನಮ್ಮ ಚಳಿಯ ಬೆನ್ನಿಗೇ ನಮ್ಮ ಬ್ಯಾಸಿಗಿಯೂ ಇದೆಯಲ್ಲ. ಏಪ್ರಿಲ್ ಹಿಡಿಯಿತು. ಫ್ರಿಜ್ಜಿನ ಬರ್ಫು ಬೆಳಿಗ್ಗೆ ಸಂಜೆ ಕುಂಡಕ್ಕೆ ಹೋಗತೊಡಗಿತು, ಕಾಕಾನ ಮಜ್ಜಿಗೆ ಬೆಚ್ಚಗಾಯಿತು. ಮೇ ತಿಂಗಳಲ್ಲಿ ಗಿಡ ಹೋಯಿತು. ಕಾಕು ಎರಡು ದಿನ ಫೋನ್ ಎತ್ತಲಿಲ್ಲ.

ಬಳಿಕ ಯಾರೋ ಹೇಳಿದರು, ಚೌಬಾರಾ ಹತ್ತಿರ ಅತ್ತಾರ್ ಅಂಗಡಿಯಲ್ಲಿ ರೇವಂದ್ ಚೀನಿ ಅಂತ ಸಿಗುತ್ತದೆ, ಅದೂ ರೂಬಾರ್ಬೇ ಅಂತ. ಸುಳ್ಳೇನಲ್ಲ, ಯುನಾನಿ ಹಕೀಮರು ತಲೆತಲಾಂತರದಿಂದ ಕೊಡುವ ಬೇರು ಅದು, ರೂಬಾರ್ಬಿನದೇ ಜಾತಿ. ಕಾಕು ಆಟೋ ಹತ್ತಿ ಹೋಗಿ ಅರ್ಧ ಕಿಲೋ ಕೇಳಿದರು. ಅಂಗಡಿಯ ಮುದುಕ ಚಷ್ಮಾ ಸರಿಪಡಿಸಿಕೊಂಡು, ಭಾಳ ಮರ್ಯಾದೆಯಿಂದ, "ಎಷ್ಟ್ ದಿನದಿಂದ ಅದಾ ಅಮ್ಮಾ, ತಕಲೀಫ್?" ಎಂದ. ಹೊಟ್ಟೆ ಸಾಫ್ ಮಾಡುವ ಔಷಧವನ್ನು ಅರ್ಧ ಕಿಲೋ ಕೇಳಿದ ಗಿರಾಕಿಯನ್ನು ಆತ ಅಂದೇ ಕಂಡಿರಬೇಕು.

ಪರಿಹಾರ ಬಂದದ್ದು ತವರಿನಿಂದ. ಔರಾದಿನ ವೈನಿ ಸಂತೆಯ ಚೀಲದಲ್ಲಿ ಎಂದಿನಂತೆ ಚುಕ್ಕಾ ಸೊಪ್ಪು ತಂದು ಅಡಿಗೆಮನೆಯಲ್ಲಿ ಸುರಿದರು. ಉಳ್ಳಾಗಡ್ಡಿ ಮಡಿಯ ಅಂಚಿಗೆ ಹಾಕಿದ ಬೆಳೆ, ದಪ್ಪ ಎಲೆ, ಒಲೆಗಿಟ್ಟ ಕೂಡಲೇ ಕರಗಿ ತೊಗರಿಬ್ಯಾಳಿಯೊಳಗೆ ಸೇರುವ ಸೊಪ್ಪು. ಬಾಲ್ಯದಿಂದ ಇದನ್ನೇ ಉಂಡು ಬೆಳೆದ ಕಾಕು ಲೀಡ್ಸಿನಿಂದ ಬಂದ ಮೇಲೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ತೋಟಗಾರಿಕೆ ಕಾಲೇಜಿನಲ್ಲಿ ಓದುವ ಬಾಜೂಮನೆ ಹುಡುಗಿ ಅಂದೇ ಬಂದವಳು, "ಕಾಕು, ಇದು ನಿಮ್ಮ ರೂಬಾರ್ಬಿನ ಕುಟುಂಬದ್ದೇ. ಪಾಲಿಗೋನೇಸಿ. ಹುಳಿನೂ ಹಂಗೇ, ಎರಡರಲ್ಲೂ ಆಕ್ಸಾಲಿಕ್ ಆಸಿಡ್ ಇದೆ," ಎಂದಳು.

ಕಾಕು ಸೊಪ್ಪನ್ನು ನೋಡುವ ದೃಷ್ಟಿ ಬದಲಾಯಿತು. ಎಲೆ ಕಿತ್ತು ಬದಿಗಿಟ್ಟು ದಂಟು ಆರಿಸತೊಡಗಿದರು. ಲೀಡ್ಸಿನಲ್ಲಿ ಎಲೆ ವಿಷವಾದರೆ ಇಲ್ಲಿ ಮಾತ್ರ ಹೇಗೆ ತಿನ್ನುವುದು? ವೈನಿ ಬಾಯಿಗೆ ಸೆರಗು ಹಚ್ಚಿ, "ತಂಗೀ, ತಿನ್ನೋದು ಚೆಲ್ಲಿ ಚೆಲ್ಲೋದು ತಿನ್ಲತ್ತೀಯಲ್ಲಾ," ಎಂದರು, ಮತ್ತು ಆ ಎಲೆಗಳನ್ನೆಲ್ಲ ಬಳಿದುಕೊಂಡು ರಾತ್ರಿಯ ಊಟಕ್ಕೆ ಬ್ಯಾಳಿ ಮಾಡಿದರು.

ಕ್ರಂಬಲ್ ಆಯಿತು. ಚುಕ್ಕಾ ದಂಟು, ಭಾಲ್ಕಿಯ ಬೆಲ್ಲ, ಬೀದರಿನ ಹಸಿಶುಂಠಿ (ಇದು ಮಾತ್ರ ಖರೇ ಜಾಣತನ, ಇಂಗ್ಲೆಂಡಿನವರೂ ರೂಬಾರ್ಬಿಗೆ ಶುಂಠಿ ಹಾಕುತ್ತಾರೆ), ಮೇಲೆ ಜ್ವಾಳದ ಹಿಟ್ಟು ಬೆಣ್ಣೆ. ಓವನ್ ಎಲ್ಲಿ? ದೀಪಾವಳಿಗೆ, ರಮ್ಜಾನಿಗೆ ಮನೆಯ ಹಿಟ್ಟು ಒಯ್ದು ನಾನ್‌ಖಟಾಯಿ ಸುಡಿಸಿಕೊಂಡು ಬರುವ ಬೇಕರಿ ಇತ್ತಲ್ಲ, ಅಲ್ಲಿಗೇ ತಾಟು ಹೋಯಿತು. ಭಟ್ಟಿಯ ಹುಡುಗ ಮುಚ್ಚಳ ತೆಗೆದು ನೋಡಿ, ಕಿಲೋದ ಲೆಕ್ಕದಲ್ಲಿ ಕೂಲಿ ಹಿಡಿಯಬೇಕೋ ಬೇಡವೋ ಎಂದು ಸೇಠನನ್ನು ಕೇಳಲು ಒಳಗೆ ಹೋದ. ಹಸಿರು ಸೊಪ್ಪು ಹುಳಿಯಲ್ಲಿ ಬೆಂದರೆ ಪೊಲೀಸ್ ಅಂಗಿಯ ಬಣ್ಣಕ್ಕೆ ತಿರುಗುತ್ತದೆ. ಕಾಕು ಧೈರ್ಯಗೆಡಲಿಲ್ಲ. ಮುಂದಿನ ಸಲ ಕೆಂಪು ಪುಂಡಿಯ ಕಾಯಿಯ ಸಿಪ್ಪೆ ಬಿಡಿಸಿ ಸೇರಿಸಿದರು. ಬಣ್ಣ ಬಂತು, ಅದರ ಅಂಟಿನಿಂದ ಪಾಕವೂ ಗಟ್ಟಿಯಾಯಿತು, ರುಚಿಯೂ ಪರವಾಗಿಲ್ಲ. ಓಣಿಯ ಮಕ್ಕಳು ಮೇಲಿನ ಪುಡಿ ತಿಂದು ಕೆಳಗಿನದನ್ನು ಬಿಟ್ಟರು. ದೊಡ್ಡವರು ಶೇಂಗಾ ಹಿಂಡಿ ಉದುರಿಸಿಕೊಂಡು ಎರಡನ್ನೂ ತಿಂದರು.

ತಪ್ಪಿಸಿಕೊಂಡವರು ಕಾಕಾ ಒಬ್ಬರೇ. ಹಿಂದೊಮ್ಮೆ ಮೂತ್ರಪಿಂಡದಲ್ಲಿ ಹರಳಾಗಿದ್ದ ಸ್ಕ್ಯಾನಿಂಗ್ ರಿಪೋರ್ಟನ್ನು ಅವರು ಈಗ ಊಟದ ಟೇಬಲ್ಲಿನ ಗಾಜಿನ ಕೆಳಗೇ ಇಟ್ಟಿದ್ದಾರೆ. ಹುಳಿಸೊಪ್ಪಿನ ಆಕ್ಸಲೇಟ್ ಹರಳು ಕಟ್ಟುತ್ತದೆ, ಡಾಕ್ಟರ್ ಬ್ಯಾಡ ಅಂದಾರ. ಆದರೆ ವೈನಿಯ ಚುಕ್ಕಾ ಬ್ಯಾಳಿಗೆ ಕೈಯೊಡ್ಡುವಾಗ ಆ ರಿಪೋರ್ಟಿನ ಮೇಲೆ ರೊಟ್ಟಿಯ ಬುಟ್ಟಿ ಇರುತ್ತದೆ.

ಮೊನ್ನೆ ಲೀಡ್ಸಿನಿಂದ ವಿಡಿಯೋ ಕಾಲ್ ಬಂತು. ಸೊಸೆ ಹೆಮ್ಮೆಯಿಂದ ಪಾತ್ರೆಯನ್ನೇ ಕ್ಯಾಮರಾಕ್ಕೆ ಹಿಡಿದಳು. ಅಲ್ಲಿ ಪುಂಡಿಯೂ ಸಿಗೋದಿಲ್ಲ, ಚುಕ್ಕಾವೂ ಸಿಗೋದಿಲ್ಲ. ಅದಕ್ಕೇ ರೂಬಾರ್ಬ್ ಹೆಚ್ಚಿ ತೊಗರಿಬ್ಯಾಳಿಗೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿದ್ದಳು. ಹಂಗಾ ನಮ್ಮ ಮನೀ ಪಲ್ಯದ ರುಚೀನೇ ಬಂದದ ಅತ್ತೀ, ಎಂದಳು.

ಕಾಕುವಿನ ಮುಖ ಕೆಂಪೇರಿತು. "ಅಂಥಾ ರೂಬಾರ್ಬಿಗಿ ಬೆಳ್ಳುಳ್ಳಿ ಹಾಕ್ತಾರೇನು? ಅದರ ಕಿಮ್ಮತ್ತು ಗೊತ್ತದ ಏನ್ ನಿನಗ?"

ಕಾಕಾ ಪೇಪರು ಬಿಟ್ಟು ಎದ್ದು ಬಂದು, ಕಾಕುವಿನ ಕೈಯಿಂದ ಫೋನ್ ತೆಗೆದುಕೊಂಡು, ಪಾತ್ರೆಯನ್ನು ಹತ್ತಿರದಿಂದ ನೋಡಿದರು. "ಒಗ್ಗರಣಿಗಿ ಹಸಿಮೆಣಸಿನಕಾಯಿ ಎಷ್ಟ್ ಹಾಕಿದವ್ವಾ?"